ಬೇಸ್ ದನಿ ಇಲ್ಲದ ಕ್ವಾಯರ್‌ನಲ್ಲಿ ಸ್ಪಿರಿಚುವಲ್: ಯಾವ ಅರೇಂಜ್‌ಮೆಂಟ್, ಹೇಗೆ ಹಾಡಿಸೋದು?

ಆಲ್ಟೊ_ಅಕ್ಕ
ಎಲ್ಲರಿಗೂ ನಮಸ್ಕಾರ. 24 ಹೆಂಗಸರ ಕ್ವಾಯರ್, ಗಂಡುದನಿ ಒಂದೂ ಇಲ್ಲ. ಆಫ್ರಿಕನ್-ಅಮೆರಿಕನ್ ಸ್ಪಿರಿಚುವಲ್‌ಗಳಲ್ಲಿ (ಗುಲಾಮರಾಗಿದ್ದ ಕಪ್ಪು ಜನ ಕಟ್ಟಿದ ಭಕ್ತಿಯ ಹಾಡುಗಳು) ಮೂರು ಆರಿಸಿದ್ದು: ‘ವೇಡ್ ಇನ್ ದ ವಾಟರ್’, ‘ಡೀಪ್ ರಿವರ್’, ‘ಎಲೈಜಾ ರಾಕ್’. ಕೈಲಿರೋದು ಎಸ್‌ಎಟಿಬಿ ಪ್ರತಿಗಳು, ಅಂದ್ರೆ ನಾಲ್ಕು ದನಿಗೆ ಬರೆದವು: ಹೆಂಗಸರಿಗೆ ಸೊಪ್ರಾನೊ (ಮೇಲಿನದು), ಆಲ್ಟೊ (ಕೆಳಗಿನದು), ಗಂಡಸರಿಗೆ ಟೆನರ್ (ಮೇಲಿನದು), ಬೇಸ್ (ಕೆಳಗಿನದು). ಟೆನರ್ ಸಾಲನ್ನ ಒಂದು ಸ್ಥಾಯಿ ಮೇಲೆತ್ತಿ, ಬೇಸ್ ಸಾಲನ್ನ ಎರಡನೇ ಆಲ್ಟೊಗಳಿಗೆ (ಆಲ್ಟೊಗಳಲ್ಲೇ ತೀರಾ ಕೆಳಗೆ ಹಾಡೋರು) ಕೊಟ್ಟರೆ ಸಾಕಾ? ಹಾಗೆ ಹಾಡಿದರೆ ಟೊಳ್ಳು ಟೊಳ್ಳಾಗಿ ಕೇಳಿಸ್ತಿದೆ. ಪಿಯಾನೊ ಇಲ್ಲದಿದ್ದರೆ ಹಾಡು ಮುಗಿಯೋ ಹೊತ್ತಿಗೆ ಶ್ರುತಿ ಅರ್ಧ ಸ್ವರ ಇಳಿದಿರುತ್ತೆ. ಚಪ್ಪಾಳೆ ಸೇರಿಸಿದರೆ ಓಟಕ್ಕೆ ಬೀಳ್ತಾರೆ. ಉಚ್ಚಾರಣೆ ಹೇಗಿರಬೇಕು ಅನ್ನೋ ಜಗಳ ಬೇರೆ. ಗೊತ್ತಿರೋರು ಒಂದೊಂದಾಗಿ ಬಿಡಿಸಿ ಹೇಳಿ.

ಸ್ವರಲಿಪಿ
ಮೊದಲನೇ ಪ್ರಶ್ನೆಗೆ ಉತ್ತರ: ಸಾಲದು. ಕಾರಣ ಲೆಕ್ಕದಲ್ಲೇ ಇದೆ. ಪಿಯಾನೊದ ನಡುವಿನ ಸಿ ಅನ್ನು ಸಿ4 ಅಂತ ಇಟ್ಟುಕೊಳ್ಳಿ. ಟೆನರ್ ಸಾಲು ಸುಮಾರಾಗಿ ಸಿ3ಯಿಂದ ಜಿ4ರವರೆಗೆ ಓಡಾಡುತ್ತೆ. ಒಂದು ಸ್ಥಾಯಿ ಎತ್ತಿದರೆ ಸಿ4ರಿಂದ ಜಿ5. ಅಂದರೆ ಹಾಡಿನ ಅರ್ಧ ಹೊತ್ತು ಅದು ಸೊಪ್ರಾನೊ ಹಾಡೋ ಮುಖ್ಯ ರಾಗಕ್ಕಿಂತ ಮೇಲಿರುತ್ತೆ. ಕೇಳುವವರ ಕಿವಿ ಯಾವಾಗಲೂ ಮೇಲಿನ ಸಾಲನ್ನೇ ಹಿಡಿಯೋದರಿಂದ ಮೂಲ ರಾಗ ಹೂತುಹೋಗುತ್ತೆ.

ಬೇಸ್ ಎಫ್2ರಿಂದ ಡಿ4 ಅಂದುಕೊಳ್ಳಿ; ಎತ್ತಿದರೆ ಎಫ್3–ಡಿ5. ಈಗ ಅದು ಅಲ್ಲಲ್ಲಿ ಆಲ್ಟೊ ಸಾಲನ್ನು ದಾಟಿ ಮೇಲೆ ಬರುತ್ತೆ. ಆಗ ಸ್ವರಮೇಳದ ತಳದಲ್ಲಿ ಮೂಲಸ್ವರ ಇರಲ್ಲ, ಎಷ್ಟೋ ಕಡೆ ಅದರ ಪಂಚಮ ಬಂದು ಕೂತಿರುತ್ತೆ. ಸಾಲಿನ ಕೊನೆಯಲ್ಲಿ ಹೀಗಾದರೆ ಹಾಡು ನಿಂತಿತು ಅನ್ನಿಸಲ್ಲ. ನೀವು ಟೊಳ್ಳು ಅಂದಿದ್ದು ಇದನ್ನೇ.

ಬೇಸ್‌ನ ಸ್ವರಗಳನ್ನು ಉಳಿಸೋಕೆ ಹೋಗಬೇಡಿ, ಬೇಸ್ ಮಾಡ್ತಿದ್ದ ಕೆಲಸವನ್ನ ಉಳಿಸಿ. ಅದು ಎರಡು ಕೆಲಸ ಮಾಡ್ತಿತ್ತು: ಸಾಲಿನ ಕೊನೆಗಳಲ್ಲಿ ಮೂಲಸ್ವರ ಕೊಡೋದು, ಕೆಳಗಿಂದ ಲಯ ತಳ್ಳೋದು. ಇವೆರಡನ್ನೂ ಎರಡನೇ ಆಲ್ಟೊಗೆ ವಹಿಸಿ. ಉಳಿದ ಸ್ವರ ಹೋದರೆ ಹೋಗಲಿ.

ಕರಾವಳಿ_ಕಂಠ
ಅಷ್ಟೆಲ್ಲ ಎಂತಕ್ಕೆ ಮಾರಾಯ್ರೇ? ಟ್ರೆಬಲ್ ಕ್ವಾಯರಿಗೇ ಬರೆದದ್ದು ಬೇಕಾದಷ್ಟು ಉಂಟು. ವಿಲಿಯಂ ಡಾಸನ್ನರ ‘ದೇರ್ ಈಸ್ ಎ ಬಾಮ್ ಇನ್ ಗಿಲಿಯಡ್’ ಎಸ್‌ಎಸ್‌ಎಯಲ್ಲಿ ಸೋಲೊ ಸಮೇತ ಸಿಗ್ತದೆ. ಅವರದ್ದೇ ‘ಏಂಟ್-ಎ ದಟ್ ಗುಡ್ ನ್ಯೂಸ್’ ಸಹ ಹೆಂಗಸರ ದನಿಗೆ ಉಂಟು. ಮೋಸಸ್ ಹೋಗನ್ನರ ‘ಎಲೈಜಾ ರಾಕ್’ ಎಸ್‌ಎಸ್‌ಎಎಯಲ್ಲಿ ಉಂಟು. ಮಕ್ಕಳಿಗಾದರೆ ರೋಲೊ ಡಿಲ್ವರ್ತ್ ಬರೆದದ್ದನ್ನು ನೋಡಿ. ಪ್ರತಿ ಕೊಂಡುಕೊಳ್ಳುವುದು, ಹಾಡುವುದು. ಮುಗೀತಲ್ಲ.

ಸ್ವರಲಿಪಿ
ಕರಾವಳಿಯವರು ಹೇಳಿದ್ದು ಸರಿ, ಆದರೆ ಪಟ್ಟಿ ಕೊಟ್ಟಷ್ಟಕ್ಕೆ ಮುಗಿಯಲ್ಲ. ಹೋಗನ್ ಅವರ ‘ಎಲೈಜಾ ರಾಕ್’ ಪದರ ಪದರವಾಗಿ ಏರೋ ಹಾಡು. ಕೆಳಗಿನ ದನಿಗಳು ಒಂದೇ ತುಣುಕನ್ನು ಬಿಡದೆ ತಿರುಗಿಸ್ತಾ ಇರಬೇಕು, ಅದರ ಮೇಲೆ ಉಳಿದವರು ಬಂದು ಸೇರಬೇಕು. ಆ ತುಣುಕನ್ನು ಎರಡು ನಿಮಿಷ ಅಲುಗಾಡದೆ ಹಿಡಿಯೋ ಎರಡನೇ ಆಲ್ಟೊಗಳು ಕನಿಷ್ಠ ಆರು ಜನ ಬೇಕು. ಮೂರೇ ಜನ ಇದ್ದರೆ ಒಬ್ಬರು ಉಸಿರು ತಗೊಂಡ ಕ್ಷಣ ತಳ ಕಳಚುತ್ತೆ.

ಗಾಂಧಿಬಜಾರ್_ಗುರು
ಎಸ್‌ಎಸ್‌ಎ, ಎಸ್‌ಎಸ್‌ಎಎ, ಎಸ್‌ಎಟಿಬಿ... ವಾಹನದ ನೋಂದಣಿ ಸಂಖ್ಯೆ ಓದ್ದಂಗಿದೆ ಗುರು. ಹೊಸಬರಿಗೆ ಒಂದು ಸಾಲಲ್ಲಿ ಹೇಳ್ಬಿಡಿ.

ಆಲ್ಟೊ_ಅಕ್ಕ
ಎಸ್ ಸೊಪ್ರಾನೊ, ಎ ಆಲ್ಟೊ, ಟಿ ಟೆನರ್, ಬಿ ಬೇಸ್. ಎಸ್‌ಎಸ್‌ಎ ಅಂದ್ರೆ ಎರಡು ಸೊಪ್ರಾನೊ ಸಾಲು, ಒಂದು ಆಲ್ಟೊ. ಟ್ರೆಬಲ್ ಅಂದರೆ ಹೆಂಗಸರು ಮತ್ತು ದನಿ ಒಡೆಯದ ಮಕ್ಕಳು.

ಹಳೇ_ಗ್ರಾಮಫೋನ್
ಒಂದು ವಿಷಯ ಇಲ್ಲಿ ಸೇರಿಸಬೇಕು. ಎಸ್‌ಎಟಿಬಿಯೇ ಅಸಲು, ಟ್ರೆಬಲ್ ಅದರ ನಕಲು ಅನ್ನೋ ಭಾವನೆ ಮೇಲಿನ ಮಾತುಗಳಲ್ಲಿ ಕಾಣ್ತಿದೆ. ಅಸಲಿಗೆ ನಾಲ್ಕು ಸಾಲಿನ ಜೋಡಣೆಯೇ ಆಮೇಲೆ ಬಂದದ್ದು. ಈ ಹಾಡುಗಳ ಮೊದಲ ದೊಡ್ಡ ಸಂಗ್ರಹ 1867ರಲ್ಲಿ ಅಚ್ಚಾಯಿತು. ವಿಲಿಯಂ ಫ್ರಾನ್ಸಿಸ್ ಆಲೆನ್, ಚಾರ್ಲ್ಸ್ ಪಿಕರ್ಡ್ ವೇರ್, ಲೂಸಿ ಮೆಕಿಮ್ ಗ್ಯಾರಿಸನ್ ಸಂಪಾದಿಸಿದ ಆ ಪುಸ್ತಕದಲ್ಲಿ 136 ಹಾಡುಗಳಿವೆ, ಒಂದೊಂದಕ್ಕೂ ಬರಿಯ ರಾಗದ ಸಾಲು. ನಾವು ತಿಳಿದ ಅರ್ಥದಲ್ಲಿ ಇವರು ಪಾಲು ಹಂಚಿಕೊಂಡು ಹಾಡುವುದಿಲ್ಲ, ಆದರೂ ಇಬ್ಬರು ಒಂದೇ ಥರ ಹಾಡಿದಂತೆಯೂ ಕೇಳುವುದಿಲ್ಲ ಎಂಬರ್ಥದ ಮಾತು ಅದರ ಮುನ್ನುಡಿಯಲ್ಲೇ ಇದೆ. ಗುಲಾಮಗಿರಿಯ ಕಾಲದ ಹಾಡಿಕೆ ಅದು.

ಜಗತ್ತು ಕೇಳಿದ ಕಛೇರಿ ರೂಪ ಶುರುವಾದದ್ದು ಟೆನೆಸಿಯ ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಿಂದ. ಶಾಲೆ ಸಾಲದಲ್ಲಿ ಮುಳುಗಿದ್ದಾಗ 1871ರ ಅಕ್ಟೋಬರ್ 6ರಂದು ಅಲ್ಲಿನ ಸಂಗೀತ ಮೇಷ್ಟ್ರು ಜಾರ್ಜ್ ವೈಟ್ ಒಂಬತ್ತು ಜನರ ತಂಡ ಕಟ್ಟಿಕೊಂಡು ಹೊರಟರು. ಅವರಲ್ಲಿ ಐವರು ಹುಡುಗಿಯರು. ಪಿಯಾನೊ ನುಡಿಸಿ, ತಾಲೀಮು ಮಾಡಿಸಿ, ಹಾಡುಗಳನ್ನು ಹದಗೊಳಿಸಿದ್ದು ಎಲಾ ಶೆಪರ್ಡ್ ಎಂಬ ಸೊಪ್ರಾನೊ. ಹಾಡಿ ತಂದ ದುಡ್ಡಿನಲ್ಲಿ ಎದ್ದದ್ದೇ ಅಲ್ಲಿನ ಜುಬಿಲಿ ಹಾಲ್ ಕಟ್ಟಡ.

ತಾಳ_ತಪ್ಪಿದವ
ಅಯ್ಯೋ ಇತಿಹಾಸ ಶುರುವಾಯ್ತು. ಅಕ್ಕ ಕೇಳಿದ್ದು ಶ್ರುತಿ ಯಾಕೆ ಇಳಿಯುತ್ತೆ ಅಂತ.

ಹಳೇ_ಗ್ರಾಮಫೋನ್
ಇತಿಹಾಸ ಗೊತ್ತಿಲ್ಲದೇನೇ ಎಲ್ಲರೂ ಇದನ್ನ ಕುಣಿಯೋ ಹಾಡು ಮಾಡ್ಕೊಂಡಿರೋದು ಸ್ವಾಮಿ.

ಮಂದ್ರಸ್ಥಾಯಿ
ಶ್ರುತಿ ಇಳಿಯೋ ವಿಷಯಕ್ಕೆ ಬರ್ತೀನಿ. ಸ್ಪಿರಿಚುವಲ್‌ಗಳಲ್ಲಿ ಇದು ಹೆಚ್ಚು, ಅದಕ್ಕೆ ಕಾರಣಗಳೂ ನಿರ್ದಿಷ್ಟ.

ಈ ರಾಗಗಳು ಬಹುತೇಕ ಐದು ಸ್ವರದವು. ಪ-ಗ, ಗ-ರಿ-ಸ ಅಂತ ಮತ್ತೆ ಮತ್ತೆ ಕೆಳಗಿಳಿಯೋ ಚಲನೆ ಜಾಸ್ತಿ. ಇಳಿಯುವಾಗ ಪ್ರತಿ ಹೆಜ್ಜೆಯನ್ನೂ ಚೂರು ದೊಡ್ಡದಾಗಿ ಇಡೋದು ಗಂಟಲಿನ ಸ್ವಭಾವ. ಒಂದು ಪಲ್ಲವಿಗೆ 15 ಸೆಂಟ್ ಜಾರಿದರೂ ಆರು ಸಲ ತಿರುಗಿಸೋ ಹೊತ್ತಿಗೆ 90 ಸೆಂಟ್. 100 ಸೆಂಟ್ ಅಂದರೆ ಪೂರ್ತಿ ಅರ್ಧ ಸ್ವರ. ಹಾಗಾಗಿ ಟ್ಯೂನರ್ ಹಿಡಿದು ಹಾಡಿನ ಕೊನೆಯಲ್ಲಿ ನೋಡಬೇಡಿ, ಪ್ರತಿ ಚರಣದ ಕೊನೆಯಲ್ಲಿ ನೋಡಿ. ಯಾವ ತಿರುವಲ್ಲಿ ಜಾರುತ್ತೆ ಅಂತ ಹತ್ತು ನಿಮಿಷದಲ್ಲಿ ಸಿಕ್ಕಿಬೀಳುತ್ತೆ.

ಇನ್ನೊಂದು, ಎದೆದನಿ (ಎದೆಯಲ್ಲಿ ಅದುರೋ ಗಟ್ಟಿ ದನಿ). ಈ ಹಾಡಿಗೆ ಗಟ್ಟಿ ದನಿ ಬೇಕು ಅಂದುಕೊಂಡು ಆಲ್ಟೊಗಳು ಎದೆದನಿಯನ್ನೇ ಎ4, ಬಿ4ರವರೆಗೆ ಎಳೆದುಕೊಂಡು ಹೋಗ್ತಾರೆ. ಅಲ್ಲಿ ಅದು ಭಾರವಾಗಿ ಕೆಳಗೇ ನಿಲ್ಲುತ್ತೆ. ಎಫ್4 ದಾಟೋ ಮೊದಲೇ ತಲೆದನಿ (ತಲೆಯಲ್ಲಿ ಅದುರೋ ಹಗುರ ದನಿ) ಬೆರೆಸೋಕೆ ಶುರು ಮಾಡಬೇಕು. ಮೇಲಿಂದ ಕೆಳಗೆ ‘ನೂ’ ಅಂತ ಜಾರಿಸೋ ಅಭ್ಯಾಸ ದಿನಾ ಐದು ನಿಮಿಷ ಮಾಡಿಸಿ. ಕೆಳಗಿಂದ ಮೇಲಕ್ಕೆ ಬೇಡ.

ಹಳೇ ಉಪಾಯ ಒಂದಿದೆ: ಅಚ್ಚಿನ ಪ್ರತಿ ಎಫ್ ಶ್ರುತಿಯಲ್ಲಿದ್ದರೆ ಅರ್ಧ ಸ್ವರ ಮೇಲೆ ಅಥವಾ ಕೆಳಗೆ, ಜಿ ಫ್ಲ್ಯಾಟ್‌ನಲ್ಲೋ ಇ-ಯಲ್ಲೋ ಹಾಡಿಸೋದು. ತಂಡ ಸದಾ ಜಾರೋ ಎಡೆಯಿಂದ ಹಾಡು ಪಾರಾಗುತ್ತೆ. ಎಫ್‌ನಲ್ಲಿ ಜಾರೋ ಕ್ವಾಯರ್ ಜಿ ಫ್ಲ್ಯಾಟ್‌ನಲ್ಲಿ ಗಟ್ಟಿ ನಿಲ್ಲೋದು ಉಂಟು, ಯಾಕಂದ್ರೆ ದನಿ ಬದಲಾಗೋ ಜಾಗ ರಾಗದ ಬೇರೆ ಸ್ವರದ ಮೇಲೆ ಬೀಳುತ್ತೆ.

ಧಾರವಾಡದವ
ನಮ್ಮ ಮಂದಿಗೆ ತಂಬೂರಿ ಅಂದ್ರ ರೂಢಿ ಐತ್ರಿ. ಸ-ಪ ಹಚ್ಚಿ ಕುಂದ್ರಿಸ್ರಿ, ಶ್ರುತಿ ಎಲ್ಲಿ ಹೋಗ್ತದ ನೋಡೋಣು. ‘ಸ್ವಿಂಗ್ ಲೋ’ ಅಂತೂ ಪಕ್ಕಾ ಮೋಹನ ಆಗ್ತದ. ‘ವೇಡ್ ಇನ್ ದ ವಾಟರ್’ ಕೇಳಿದ್ರ ಶುದ್ಧ ಧನ್ಯಾಸಿ.

ಸ್ವರಲಿಪಿ
ತಂಬೂರಿ ಒಳ್ಳೇ ಸಲಹೆ, ಆದರೆ ಒಂದು ಸೂಕ್ಷ್ಮ ಇದೆ. ತಂಬೂರಿಯ ಷಡ್ಜದಿಂದ ತಾನಾಗಿ ಹೊಮ್ಮೋ ಅಂತರ ಗಾಂಧಾರ 386 ಸೆಂಟ್, ಪಿಯಾನೊದ್ದು 400. ತಂಬೂರಿ ಇಟ್ಟು ಕಲಿತ ಕ್ವಾಯರ್‌ಗೆ ಕಾರ್ಯಕ್ರಮದ ದಿನ ಪಿಯಾನೊ ಸೇರಿಸಿದರೆ ಗಾಂಧಾರ 14 ಸೆಂಟ್ ಕೆಳಗೆ ಕೇಳುತ್ತೆ, ಎಲ್ಲರೂ ಕಕ್ಕಾಬಿಕ್ಕಿ. ವಾದ್ಯವಿಲ್ಲದೆ ಹಾಡೋದಾದರೆ ತಂಬೂರಿಯಲ್ಲಿ ರಾಗದ ಸಾಲನ್ನು ಕಲಿಸಿ, ಪಾಲು ಸೇರಿಸೋವಾಗ ತೆಗೆದುಬಿಡಿ. ಸ್ವರಮೇಳ ಬದಲಾಗ್ತಾ ಹೋದಾಗ ಸ-ಪ ಅಡ್ಡ ಬರುತ್ತೆ.

ಮತ್ತೆ ಮೋಹನ ಅಂದ ತಕ್ಷಣ ಗಮಕ ಬರೋದು ಬೇಡ. ಇಲ್ಲಿ ಗಾಂಧಾರ ಕೆಲವೆಡೆ ಸಾಧಾರಣಕ್ಕೂ ಅಂತರಕ್ಕೂ ನಡುವೆ ನಿಲ್ಲುತ್ತೆ, ಅದನ್ನು ಬ್ಲೂ ನೋಟ್ ಅಂತಾರೆ. ಅದು ಕಂಪನ ಅಲ್ಲ, ಬಾಗು. ಅದನ್ನು ಸೋಲೊ ಹಾಡೋರಿಗೆ ಮಾತ್ರ ಬಿಡಿ. ಎಂಟು ಜನ ಒಟ್ಟಿಗೆ ಬಾಗಿಸಿದರೆ ಎಂಟು ಥರ ಬಾಗಿ ಬರೀ ಅಪಶ್ರುತಿ ಆಗುತ್ತೆ.

ಧಾರವಾಡದವ
ರಾಗದ ಹೆಸರು ಹೇಳಿದ್ದು ಗುರುತು ಹಿಡೀಲಿಕ್ಕೆ ರೀ. ಗಮಕ ಹಾಕ್ರಿ ಅಂತ ಯಾರ್ ಅಂದ್ರು? ಮಂದಿಗೆ ಸ್ವರ ಮನಸ್ಸಿನ್ಯಾಗ ಕುಂದ್ರಾಕ ಇದು ಬೇಕs ಬೇಕು.

ನ್ಯೂಜೆರ್ಸಿ_ಕನ್ನಡತಿ
ಚಪ್ಪಾಳೆ ವಿಷಯ. ನಾಲ್ಕರ ಎಣಿಕೆಯಲ್ಲಿ ಕಾಲು ತಟ್ಟೋದು ಒಂದು-ಮೂರಕ್ಕೆ, ಚಪ್ಪಾಳೆ ಎರಡು-ನಾಲ್ಕಕ್ಕೆ. ನಮ್ಮವರಿಗೆ ಕೈ ತಾನಾಗೇ ಸಮಕ್ಕೆ ಬೀಳುತ್ತೆ. ಎರಡು-ನಾಲ್ಕಕ್ಕೆ ತಟ್ಟಿ ಅಂದರೆ ಮುಂದಿನ ಒಂದನ್ನು ಬೇಗ ಹಿಡಿಯೋ ಆತುರ ಬರುತ್ತೆ. ಓಟ ಅಲ್ಲಿಂದ ಶುರು.

ಬಿಡಿಸೋ ಕ್ರಮ ಹೀಗೆ. ಮೆಟ್ರೊನೋಮ್ (ತಾಳದ ಟಿಕ್ ಕೊಡೋ ಯಂತ್ರ) ಅನ್ನು ಅರ್ಧ ವೇಗಕ್ಕಿಟ್ಟು ಅದರ ಟಿಕ್ಕನ್ನು ಎರಡು-ನಾಲ್ಕು ಅಂತ ಭಾವಿಸಬೇಕು. ಹಾಡಿನ ವೇಗ ನಿಮಿಷಕ್ಕೆ 80 ಆದರೆ ಮೆಟ್ರೊನೋಮ್ 40. ಮೊದಲು ಕಾಲು ಮಾತ್ರ. ಆಮೇಲೆ ಕಾಲಿನ ಮೇಲೆ ಸಾಹಿತ್ಯವನ್ನು ಸ್ವರವಿಲ್ಲದೆ ಮಾತಿನಂತೆ ಹೇಳಿಸಿ. ಕೈ ಸೇರಿಸೋದು ಅದಾದ ಮೇಲೆ. ಇವೆಲ್ಲ ನಿಂತ ಮೇಲೆ ಹಾಡು. ಅವಸರ ಪಟ್ಟು ನಾಲ್ಕನ್ನೂ ಒಟ್ಟಿಗೆ ಕಲಿಸಿದರೆ ಆ ಓಟ ಆಮೇಲೆ ಬಿಡಿಸೋಕೆ ಬರಲ್ಲ.

ಅಂಗೈ ಚಪ್ಪಟೆಯಾಗಿ ತಟ್ಟಿದರೆ ‘ಟಪ್’ ಅಂತ ಚೂಪು ಸದ್ದು, ವ್ಯಂಜನಗಳನ್ನೆಲ್ಲ ನುಂಗಿಹಾಕುತ್ತೆ. ಬೊಗಸೆ ಮಾಡಿ ತಟ್ಟಿಸಿ. 24 ಜನರೂ ತಟ್ಟಬೇಕಾಗಿಲ್ಲ, ಆಲ್ಟೊಗಳಲ್ಲಿ ಆರು ಜನ ಸಾಕು. ಮೇಲಿನ ಸ್ವರ ಹಿಡಿದಿರೋ ಸೊಪ್ರಾನೊ ಕೈ ಆಡಿಸಿದರೆ ಉಸಿರು ಅಲ್ಲಾಡುತ್ತೆ.

ಹಳೇ_ಗ್ರಾಮಫೋನ್
ಎಲ್ಲಕ್ಕೂ ಚಪ್ಪಾಳೆ ಬೇಡ ಅಂತ ದಪ್ಪಕ್ಷರದಲ್ಲಿ ಸೇರಿಸಿ. ‘ಡೀಪ್ ರಿವರ್’ಗೆ ಚಪ್ಪಾಳೆ ತಟ್ಟಿದವರನ್ನು ಆ ನದಿಗೇ ತಳ್ಳಬೇಕು. ಡಾಸನ್ ಅವರ ಪ್ರತಿಗಳಲ್ಲೂ ಲಯವೆಲ್ಲ ದನಿಗಳೊಳಗೇ ಹೆಣೆದಿರುತ್ತೆ. ಮೇಲೆ ಚಪ್ಪಾಳೆ ಹೊದಿಸಿದರೆ ಅವರು ಅಷ್ಟು ಜತನದಿಂದ ಬರೆದ ಏರಿಳಿತ ಯಾರಿಗೂ ಕೇಳಿಸಲ್ಲ. ಅಲಬಾಮಾದ ಟಸ್ಕೀಗಿ ವಿದ್ಯಾಸಂಸ್ಥೆಯಲ್ಲಿ 1931ರಿಂದ 1955ರವರೆಗೆ ಕ್ವಾಯರ್ ನಡೆಸಿದವರು ಅವರು. ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್ 1932ರ ಡಿಸೆಂಬರಿನಲ್ಲಿ ಬಾಗಿಲು ತೆರೆದಾಗ ಹಾಡಿದ್ದು ಆ ಕ್ವಾಯರ್. ಅವರಿಗೆ ಎಲ್ಲಿ ಸದ್ದು ಬೇಕಿತ್ತೋ ಅಲ್ಲಿ ಬರೆದಿದ್ದಾರೆ.

ಗಾಂಧಿಬಜಾರ್_ಗುರು
ಆದ್ರೂ ಒಂದು ಚೂರು ಎನರ್ಜಿ ಬೇಡ್ವಾ? ‘ಓ ಹ್ಯಾಪಿ ಡೇ’ ಥರ ಸಖತ್ತಾಗಿ ಎತ್ತಿ ಹಾಡಿದ್ರೆ ಜನ ಎದ್ದು ನಿಲ್ತಾರೆ.

ಹಳೇ_ಗ್ರಾಮಫೋನ್
ಅದು ಸ್ಪಿರಿಚುವಲ್ ಅಲ್ಲ, ಗಾಸ್ಪೆಲ್. ಎಡ್ವಿನ್ ಹಾಕಿನ್ಸ್ 1960ರ ದಶಕದಲ್ಲಿ 18ನೇ ಶತಮಾನದ ಒಂದು ಸ್ತೋತ್ರದ ಮೇಲೆ ಕಟ್ಟಿದ್ದು. ಗಾಸ್ಪೆಲ್ ಬೆಳೆದದ್ದು 1930ರ ದಶಕದ ಷಿಕಾಗೋದಲ್ಲಿ, ಥಾಮಸ್ ಡಾರ್ಸಿಯಂಥವರ ಕೈಯಲ್ಲಿ. ಬರೆದವರ ಹೆಸರು ಗೊತ್ತಿರುತ್ತೆ, ಪಿಯಾನೊ ಅಥವಾ ಆರ್ಗನ್ ಬೇಕೇ ಬೇಕು. ಸ್ಪಿರಿಚುವಲ್ ಕಟ್ಟಿದವರು ಗುಲಾಮರಾಗಿದ್ದ ಜನ, ಬಹುತೇಕ ಹೆಸರೇ ಉಳಿದಿಲ್ಲ. ವಾದ್ಯವಿಲ್ಲದೆ ನಿಲ್ಲೋ ಹಾಡು ಅದು. ಎರಡರ ದನಿ ಬಳಕೆಯೂ ಬೇರೆ.

ಗಾಂಧಿಬಜಾರ್_ಗುರು
ಸರಿ ಬಿಡಿ ಮೇಷ್ಟ್ರೇ 🙏 ಆದ್ರೆ ಕೇಳೋರಿಗೆ ಈ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತೆ?

ಮಂದ್ರಸ್ಥಾಯಿ
ಕೇಳೋರಿಗೆ ಗೊತ್ತಾಗದಿದ್ದರೂ ಹಾಡೋರ ಗಂಟಲಿಗೆ ಗೊತ್ತಾಗುತ್ತೆ. ಗಾಸ್ಪೆಲ್‌ನಲ್ಲಿ ಎದೆದನಿಯನ್ನು ಮೇಲಕ್ಕೆ ಒಯ್ಯೋದು ಶೈಲಿಯ ಭಾಗ, ಮೈಕೂ ಇರುತ್ತೆ. ಕಛೇರಿ ಸ್ಪಿರಿಚುವಲ್‌ನಲ್ಲಿ ಅದೇ ಮಾಡಿದರೆ ಮೂರನೇ ಹಾಡಿಗೆ ಗಂಟಲು ಕಟ್ಟುತ್ತೆ.

ಕೊಳ್ಳೇಗಾಲ_ಕೋಗಿಲೆ
ಉಚ್ಚಾರಣೆ ಬಗ್ಗೆ ಯಾರೂ ಹೇಳಲಿಲ್ಲ. ಹಳೇ ಪ್ರತಿಗಳಲ್ಲಿ ‘ದ’, ‘ದಿಸ್’, ‘ದಟ್’, ‘ಚಿಲ್ಡ್ರನ್’, ‘ಹೆವನ್’ ಬದಲು ‘ಡೆ’, ‘ಡಿಸ್’, ‘ಡಟ್’, ‘ಚಿಲ್ಲನ್’, ‘ಹೆಬ್‌ನ್’ ಅಂತ ಅಚ್ಚಾಗಿರುತ್ತೆ. ಇದ್ದಂತೆ ಹಾಡೋದಾ, ತಿದ್ದೋದಾ?

ನ್ಯೂಜೆರ್ಸಿ_ಕನ್ನಡತಿ
ಅದಕ್ಕೆ ಒಂದೇ ಸಾಲಿನ ಉತ್ತರ ಇಲ್ಲ ಕೋಗಿಲೆ ಅವರೇ. 19ನೇ ಶತಮಾನದಲ್ಲಿ ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು ಮಿನ್‌ಸ್ಟ್ರೆಲ್ ಆಟಗಳಲ್ಲಿ ಇದೇ ಮಾತಿನ ಧಾಟಿಯನ್ನು ಅಣಕಿಸಿ ದುಡ್ಡು ಮಾಡಿದ್ದರು. ಹಾಗಾಗಿ ಅತಿ ಮಾಡಿದ ಕ್ಷಣ ಅದು ಅಣಕವಾಗಿ ಕೇಳುತ್ತೆ. ಇತ್ತ ಪೂರ್ತಿ ತಿದ್ದಿ ಬಿಬಿಸಿ ವಾರ್ತೆ ಥರ ಹಾಡಿದರೆ ಲಯವೇ ಮುರಿಯುತ್ತೆ. ‘ಚಿಲ್ಲನ್’ ಅಂತ ಕೂರಿಸಿದ ಕಡೆ ‘ಚಿಲ್ಡ್ರನ್’ ತುರುಕಿದರೆ ನಡುವೆ ‘ಡ್ರ’ ಬಂದು ತಾಳಕ್ಕೆ ಅಡ್ಡ ಬೀಳುತ್ತೆ.

ನಡುದಾರಿ ಇದು: ವ್ಯಂಜನದ ಮೊದಲು ಬರೋ ‘ದ’ (the) ಪದಕ್ಕೆ ಚಿಕ್ಕ ಸಡಿಲ ಸ್ವರ ಸಾಕು, ಒತ್ತಿ ‘ಡೆ’ ಅನ್ನಬೇಡಿ. ‘ಲಾರ್ಡ್’ ಪದದ ‘ರ್’ ಬಹುತೇಕ ಬಿಟ್ಟು ‘ಲಾ’ ಸ್ವರವನ್ನೇ ನಿಲ್ಲಿಸಿ. ‘ಚಿಲ್ಲನ್’ ಲಯಕ್ಕೆ ಬೇಕು, ಉಳಿಸಿಕೊಳ್ಳಿ. ಅರೇಂಜ್ ಮಾಡಿದವರು ಪ್ರತಿಯಲ್ಲಿ ಉಚ್ಚಾರಣೆಯ ಟಿಪ್ಪಣಿ ಕೊಟ್ಟಿದ್ದರೆ ಅದೇ ಕೊನೇ ಮಾತು.

ನಮ್ಮವರಿಗೇ ಬರೋ ತೊಂದರೆ ಬೇರೆ ಇವೆ. ಪದದ ಕೊನೆಗೆ ಸ್ವರ ಸೇರಿಸಿ ‘ರಾಕು’, ‘ಲಾರ್ಡು’ ಅನ್ನೋದು. ‘ಡಿಸ್’ನಲ್ಲಿ ನಮ್ಮ ಮೂರ್ಧನ್ಯ ‘ಡ’ ಹಾಕೋದು. ನಾಲಿಗೆ ಅಷ್ಟು ಹಿಂದಕ್ಕೆ ಮಡಿಸಬಾರದು, ಹಲ್ಲಿನ ಹಿಂದಿನ ಗಟ್ಟಿಗೆ ತಾಗಿದರೆ ಸಾಕು. ‘ವೇಡ್’, ‘ವಾಟರ್’ ಎರಡಕ್ಕೂ ತುಟಿ ದುಂಡಗೆ ಮಾಡಿ ಶುರು ಮಾಡಬೇಕು, ಹಲ್ಲು ಕೆಳತುಟಿಗೆ ತಾಗಬಾರದು. ಆ ಹಾಡಿನ ಪಲ್ಲವಿಯೆಲ್ಲ ಈ ಸದ್ದಿನ ಮೇಲೇ ನಿಂತಿರೋದರಿಂದ ತಪ್ಪಾದರೆ ಪ್ರತಿ ಸಾಲಲ್ಲೂ ಕೇಳುತ್ತೆ.

ತಾಳ_ತಪ್ಪಿದವ
‘ವೇಡ್ ಇನ್ ದ ವಾಟರ್’ ಅಂದ್ರೆ ಗುಲಾಮರನ್ನ ಪಾರುಮಾಡ್ತಿದ್ದ ಹ್ಯಾರಿಯೆಟ್ ಟಬ್ಮನ್ ಅವರಿಗೆ ಕೊಟ್ಟ ಸಂಕೇತ ಅಲ್ವಾ? ನೀರಿಗಿಳಿದರೆ ಬೇಟೆನಾಯಿಗೆ ವಾಸನೆ ಸಿಗಲ್ಲ ಅಂತ. ಕಾರ್ಯಕ್ರಮದ ಟಿಪ್ಪಣಿಯಲ್ಲಿ ಹಾಕಿ, ಚೆನ್ನಾಗಿರುತ್ತೆ.

ಹಳೇ_ಗ್ರಾಮಫೋನ್
ಹಾಕಬೇಡಿ. ಕತೆ ಚೆನ್ನಾಗಿದೆ, ಆ ಕಾಲದ ಆಧಾರ ಇಲ್ಲ. ಈ ಹಾಡು ಅಚ್ಚಿನಲ್ಲಿ ಬಂದದ್ದು 1901ರಲ್ಲಿ, ಜಾನ್ ವರ್ಕ್ ಮತ್ತು ಫ್ರೆಡರಿಕ್ ವರ್ಕ್ ಸೋದರರ ಸಂಗ್ರಹದಲ್ಲಿ. ಟಬ್ಮನ್ ಬದುಕಿದ್ದಾಗಲೇ, 1869ರಲ್ಲಿ, ಸಾರಾ ಬ್ರಾಡ್‌ಫರ್ಡ್ ಬರೆದ ಜೀವನಚರಿತ್ರೆಯಲ್ಲಿ ಸಂಕೇತವಾಗಿ ಬರೋ ಹಾಡುಗಳಲ್ಲಿ ‘ಗೋ ಡೌನ್ ಮೋಸಸ್’ ಇದೆ, ಇದಿಲ್ಲ. ‘ಡ್ರಿಂಕಿಂಗ್ ಗೋರ್ಡ್’ ಹಾಡಲ್ಲಿ ಪಾರಾಗೋ ದಾರಿಯ ಗುಟ್ಟಿತ್ತು ಅನ್ನೋ ಕತೆಯೂ ಅಷ್ಟೆ, ಅಚ್ಚಾಗಿದ್ದು 1928ರಲ್ಲಿ.

ಒಳ ಅರ್ಥವೇ ಇರಲಿಲ್ಲ ಅಂತಲ್ಲ. ಫ್ರೆಡರಿಕ್ ಡಗ್ಲಸ್ ಸ್ವತಃ ಗುಲಾಮಗಿರಿಯಿಂದ ಪಾರಾದವರು. ‘ಕೇನನ್’ (ಬೈಬಲ್ಲಿನ ವಾಗ್ದಾನದ ನಾಡು) ಅಂತ ಹಾಡುವಾಗ ತಮ್ಮ ಮನಸ್ಸಿನಲ್ಲಿ ಇದ್ದದ್ದು ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳು ಅಂತ 1855ರಲ್ಲಿ ಬರೆದಿದ್ದಾರೆ. ಅದಕ್ಕೂ ಹತ್ತು ವರ್ಷ ಮೊದಲೇ, ಗುಲಾಮರು ಹಾಡ್ತಾರೆ ಅಂದರೆ ಸುಖವಾಗಿದ್ದಾರೆ ಅಂತ ತಿಳಿಯೋದು ದೊಡ್ಡ ತಪ್ಪು, ಅವರು ಹಾಡೋದು ಹೆಚ್ಚು ದುಃಖದಲ್ಲೇ ಅಂದಿದ್ದರು. ಟಿಪ್ಪಣಿಗೆ ಇದನ್ನ ಹಾಕಿ.

ತಾಳ_ತಪ್ಪಿದವ
ಆಧಾರ ಇಲ್ಲ ಅಂದಮಾತ್ರಕ್ಕೆ ನಡೆದೇ ಇಲ್ಲ ಅಂತಲ್ಲವಲ್ಲ. ಗುಟ್ಟಿನ ಸಂಕೇತವನ್ನ ಯಾರು ಅಚ್ಚು ಹಾಕಿಸಿ ಇಟ್ಟಿರ್ತಾರೆ?

ಹಳೇ_ಗ್ರಾಮಫೋನ್
ಹಾಗಿದ್ದರೆ ‘ಹೀಗೆ ಹೇಳುವುದುಂಟು’ ಅಂತ ಬರೆಯಿರಿ. ‘ಹೀಗೆ ನಡೆಯಿತು’ ಅಂತ ಬರೆಯಬೇಡಿ.

ಕರಾವಳಿ_ಕಂಠ
ಗಾಂಧೀಜಿಗೂ ಈ ಸ್ಪಿರಿಚುವಲ್ ಹಾಡುಗಳಿಗೂ ಸಂಬಂಧ ಉಂಟು ಅಂತ ಕೇಳಿದ್ದು ಹೌದಾ?

ಹಳೇ_ಗ್ರಾಮಫೋನ್
ಹೌದು. 1936ರ ಫೆಬ್ರುವರಿಯಲ್ಲಿ ಅಮೆರಿಕದ ಕಪ್ಪು ಪಾದ್ರಿ ಹೋವರ್ಡ್ ಥರ್ಮನ್ ದಂಪತಿ ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಕಂಡಾಗ, ಹೊರಡೋ ಮೊದಲು ‘ವರ್ ಯು ದೇರ್’ ಹಾಡಿ ಅಂತ ಗಾಂಧೀಜಿಯೇ ಕೇಳಿದರು. ಹಾಡಿಕೆಗೆ ಮುಂದಾದವರು ಸ್ಯೂ ಬೇಲಿ ಥರ್ಮನ್. ಒಬ್ಬ ಹೆಂಗಸು, ಆರ್ಗನ್ ಇಲ್ಲ, ಬೇಸ್ ಇಲ್ಲ.

ಕೊಳ್ಳೇಗಾಲ_ಕೋಗಿಲೆ
ಅವರ ನೋವಿನ ಹಾಡನ್ನ ನಾವು ಹಾಡಬಹುದಾ ಅನ್ನೋದೇ ನನ್ನ ಅನುಮಾನ.

ನ್ಯೂಜೆರ್ಸಿ_ಕನ್ನಡತಿ
ಹಾಡಬಹುದು. ಡಾಸನ್, ಹೋಗನ್ ಎಲ್ಲರೂ ಜಗತ್ತಿನ ಯಾವ ಕ್ವಾಯರ್ ಬೇಕಾದರೂ ಕೊಂಡು ಹಾಡಲಿ ಅಂತಲೇ ಅಚ್ಚು ಹಾಕಿಸಿದ್ದು. ಹಾಡನ್ನ ಕಾರ್ಯಕ್ರಮದ ಕೊನೇ ಕುಣಿತಕ್ಕೆ ಇಟ್ಟುಕೊಳ್ಳೋದು, ಅರೇಂಜ್ ಮಾಡಿದ ಕಪ್ಪು ಸಂಗೀತಗಾರರ ಹೆಸರು ಬಿಟ್ಟು ಬರೀ ‘ಸಾಂಪ್ರದಾಯಿಕ’ ಅಂತ ಬರೆಯೋದು, ಇವು ತಪ್ಪು. ಹೆಣ್ಣು ದನಿಗಳ ಕಾರ್ಯಕ್ರಮ ಅಂದಮೇಲೆ ಹೆಣ್ಣುಮಕ್ಕಳು ಬರೆದದ್ದನ್ನೂ ಹುಡುಕಿ. ಅಂಡೀನ್ ಸ್ಮಿತ್ ಮೂರ್, ಲೀನಾ ಮ್ಯಾಕ್ಲಿನ್, ಬೆಟಿ ಜ್ಯಾಕ್ಸನ್ ಕಿಂಗ್ ಇದ್ದಾರೆ. 1939ರ ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಗಾಯಕಿ ಮೇರಿಯನ್ ಆಂಡರ್ಸನ್ ಹಾಡಿದ ಸ್ಪಿರಿಚುವಲ್‌ಗಳಲ್ಲಿ ಒಂದು ಫ್ಲಾರೆನ್ಸ್ ಪ್ರೈಸ್ ಅವರ ಅರೇಂಜ್‌ಮೆಂಟ್.

ಆಲ್ಟೊ_ಅಕ್ಕ
ಎಲ್ಲರಿಗೂ ಥ್ಯಾಂಕ್ಸ್. ‘ಎಲೈಜಾ ರಾಕ್’ಗೆ ಎಸ್‌ಎಸ್‌ಎಎ ಪ್ರತಿ ತರಿಸೋದು ಅಂತಾಯ್ತು. ‘ವೇಡ್’ ನಾವೇ ಜೋಡಿಸಿಕೊಳ್ಳಬಹುದಾ? ಕಾಪಿರೈಟ್ ತೊಂದರೆ ಬರುತ್ತಾ?

ಸ್ವರಲಿಪಿ
ರಾಗ, ಸಾಹಿತ್ಯ ಯಾರ ಸೊತ್ತೂ ಅಲ್ಲ, ಅರೇಂಜ್‌ಮೆಂಟ್ ಸೊತ್ತು. 1901ರ ಸಂಗ್ರಹದ ರಾಗ ಹಿಡಿದು ನೀವೇ ಹೊಸದಾಗಿ ಬರೆದರೆ ಯಾರೂ ಕೇಳಲ್ಲ. ಕೈಲಿರೋ ಎಸ್‌ಎಟಿಬಿ ಪ್ರತಿಯನ್ನ ಎಸ್‌ಎಸ್‌ಎಗೆ ತಿರುಗಿಸಿದರೆ ಅದು ಅವರ ಕೃತಿಯ ಬದಲಾವಣೆ, ಪ್ರಕಾಶಕರ ಲಿಖಿತ ಅನುಮತಿ ಬೇಕು. ಅಮೆರಿಕದಲ್ಲಿ 1978ಕ್ಕೆ ಮೊದಲು ಅಚ್ಚಾದ ಕೃತಿಗಳಿಗೆ ಕಾಪಿರೈಟ್ ಅಚ್ಚಾದಲ್ಲಿಂದ 95 ವರ್ಷದವರೆಗೆ, ಇಲ್ಲಿ ಕರ್ತೃ ತೀರಿಕೊಂಡ ಮೇಲೆ 60 ವರ್ಷ. ಒಂದು ಪ್ರತಿ ಕೊಂಡು 24 ಜೆರಾಕ್ಸ್ ತೆಗೆಯೋದೂ ಕಳ್ಳತನವೇ.

ಇನ್ನು ಜೋಡಣೆ. ‘ವೇಡ್’ ಅನ್ನು ಇ ಮೈನರ್‌ನಲ್ಲಿ ಇಟ್ಟುಕೊಂಡು ನೋಡಿ. ಎರಡನೇ ಆಲ್ಟೊಗೆ ಬಿ3–ಇ4 ಎರಡೇ ಸ್ವರದ ತಿರುಗು ತುಣುಕು, ಎರಡು ಮಾತ್ರೆಗೊಮ್ಮೆ, ‘ವೇಡ್’ ಪದದ ಮೇಲೇ. ಇದೇ ನಿಮ್ಮ ಬೇಸ್. ಸಾಲಿನ ಕೊನೆಗೆ ಇ4ರಲ್ಲೇ ನಿಲ್ಲಬೇಕು, ಬಿ3ರಲ್ಲಿ ನಿಂತರೆ ಮತ್ತೆ ಅದೇ ಪಂಚಮದ ತೊಂದರೆ. ಚರಣ ಒಬ್ಬರ ಸೋಲೊ, ಉತ್ತರ ಕೊಡೋ ಸಾಲು ಎಲ್ಲರೂ ಒಂದೇ ಸ್ವರದಲ್ಲಿ. ಮೂರು ಪಾಲು ಪಲ್ಲವಿಗೆ ಮಾತ್ರ. ಮೊದಲ ಪಲ್ಲವಿಯಿಂದಲೇ ಮೂರೂ ಪಾಲು ಸುರಿದುಬಿಟ್ಟರೆ ಆಮೇಲೆ ಏರೋಕೆ ಜಾಗ ಇರಲ್ಲ.

ಕೆಳಗಿನ ಎರಡು ದನಿ ಜಿ3 ಹತ್ತಿರ ಇದ್ದಾಗ ತೃತೀಯದ ಅಂತರ ಕೊಡಬೇಡಿ, ಗಡುಸಾಗಿ ಗೊಂದಲ ಆಗುತ್ತೆ. ಜಿ3–ಡಿ4 ಥರ ತೆರೆದ ಪಂಚಮ ಕೊಡಿ. ಗಾಂಧಾರವನ್ನು ಮೇಲಿನವರು ಹಾಡಲಿ.

ಮಂದ್ರಸ್ಥಾಯಿ
ಹಂಚಿಕೆಯೂ ಹೇಳಿಬಿಡ್ತೀನಿ. 24 ಜನರನ್ನು ಎಸ್‌ಎಸ್‌ಎಗೆ 8-8-8 ಮಾಡಬೇಡಿ. ಬಿ3ಗಿಂತ ಕೆಳಗೆ ತರಬೇತಿಯಿಲ್ಲದ ಹೆಣ್ಣು ದನಿಗೆ ಸದ್ದು ಕಮ್ಮಿ. 7-7-10 ಇರಲಿ. ಎಸ್‌ಎಸ್‌ಎಎ ಆದರೆ 6-5-6-7. 12 ವರ್ಷದೊಳಗಿನ ಮಕ್ಕಳಾದರೆ ಎರಡೇ ಪಾಲು, ಕೆಳಗಿನ ಪಾಲು ಬಿ ಫ್ಲ್ಯಾಟ್ 3 ದಾಟಿ ಇಳಿಯದ ಶ್ರುತಿ.

ಆಲ್ಟೊ_ಅಕ್ಕ
‘ಡೀಪ್ ರಿವರ್’ಗೆ? ಅದರಲ್ಲಿ ಉಸಿರೇ ಸಾಲ್ತಿಲ್ಲ.

ಮಂದ್ರಸ್ಥಾಯಿ
ಆ ರಾಗ ಶುರುವಿನಲ್ಲಿ ಕೆಳಗೇ ತೆವಳಿ ನಡುವೆ ಮೇಲೆ ಚಿಮ್ಮುತ್ತೆ. ಒಂದೇ ಪಾಲಿನವರ ಕೈಲಿ ಪೂರ್ತಿ ಹಾಡಿಸೋಕೆ ಹೋದರೆ ಒಂದು ಕಡೆ ದನಿ ಇರಲ್ಲ, ಇನ್ನೊಂದು ಕಡೆ ಕಿರುಚಾಟ. ಶುರುವನ್ನು ಆಲ್ಟೊಗಳೆಲ್ಲ ಒಂದೇ ಸ್ವರದಲ್ಲಿ ಹಾಡಲಿ, ಸೊಪ್ರಾನೊಗಳು ಬಾಯಿ ಮುಚ್ಚಿ ಗುನುಗಲಿ. ನಡುವಿನ ಭಾಗ ಸೊಪ್ರಾನೊಗೆ. ಮರಳಿ ಬರುವಾಗ ಮತ್ತೆ ಆಲ್ಟೊ.

ಉಸಿರನ್ನು ಸರದಿಯಲ್ಲಿ ತಗೋಬೇಕು: ಪಕ್ಕದವರು ತಗೊಂಡಾಗ ನೀವು ತಗೋಬಾರದು. ಪದಗಳ ನಡುವೆ ಬೇಡ, ಎಲ್ಲರಿಗೂ ಅಲ್ಲೇ ಆಸೆಯಾಗೋದು. ಉದ್ದ ಸ್ವರದ ಮಧ್ಯೆ ಸದ್ದು ತಗ್ಗಿಸಿ ಬಿಟ್ಟು, ತಗೊಂಡು, ತಗ್ಗಿದ ದನಿಯಲ್ಲೇ ಮರಳಿ ಸೇರಬೇಕು. ಮರಳುವಾಗ ವ್ಯಂಜನ ಮತ್ತೆ ಹೇಳಬಾರದು. ಪ್ರತಿಯಲ್ಲಿ ಪೆನ್ಸಿಲ್ಲಿನಲ್ಲಿ ಒಬ್ಬೊಬ್ಬರ ಜಾಗವನ್ನೂ ಗುರುತು ಹಾಕಿಸಿ. ನೆನಪಿನ ಮೇಲೆ ಬಿಟ್ಟರೆ ಕಾರ್ಯಕ್ರಮದ ದಿನ ಎಲ್ಲರೂ ಒಟ್ಟಿಗೇ ಉಸಿರೆಳೀತಾರೆ.

ಧಾರವಾಡದವ
ನಿಲ್ಸೂದು ಹೆಂಗ್ರಿ? ಆಲ್ಟೊ ಬಲಕ್ಕ, ಸೊಪ್ರಾನೊ ಎಡಕ್ಕ ಅಂತ ಎಲ್ಲಾ ಕಡೆ ನೋಡೀನಿ.

ಸ್ವರಲಿಪಿ
ಈ ಹಾಡುಗಳಿಗೆ ಅದು ಬೇಡ. ಎರಡನೇ ಆಲ್ಟೊಗಳನ್ನು ನಡುವೆ, ಹಿಂದಿನ ಸಾಲಲ್ಲಿ ನಿಲ್ಲಿಸಿ. ಮೂಲಸ್ವರ ಎರಡೂ ಬದಿಯವರಿಗೆ ಸಮ ಕೇಳುತ್ತೆ, ಶ್ರುತಿಯ ಅರ್ಧ ತಕರಾರು ಅಲ್ಲೇ ಮುಗಿಯುತ್ತೆ. ಚಪ್ಪಾಳೆ ತಟ್ಟೋ ಆರು ಜನವೂ ಅವರ ಪಕ್ಕದಲ್ಲೇ ಇರಲಿ, ಎರಡು ತುದಿಗೆ ಹಂಚಬೇಡಿ. ಹಂಚಿದರೆ ಒಂದು ತುದಿಯ ಸದ್ದು ಇನ್ನೊಂದಕ್ಕೆ ತಡವಾಗಿ ತಲುಪಿ ತಾಳ ಎರಡಾಗುತ್ತೆ.

ಧಾರವಾಡದವ
ಹಿಂದಿನ ಸಾಲಿಗೆ ಮೆಟ್ಟಲ ಇಲ್ಲಂದ್ರ?

ಸ್ವರಲಿಪಿ
ಹಾಗಾದರೆ ಅರ್ಧಚಂದ್ರಾಕಾರದಲ್ಲಿ ಎರಡೇ ಸಾಲು. ಮುಂದಿನವರ ಭುಜಗಳ ನಡುವಿನ ಸಂದಿಯಲ್ಲಿ ಹಿಂದಿನವರ ಮುಖ ಬರಬೇಕು.